ಅಧ್ಯಕ್ಷರು ಬದಲಾದರೆ ರಕ್ಷಣಾ ಒಪ್ಪಂದದ ಬಲವೂ ಬದಲಾಗುತ್ತದೆಯೇ?

ಪ್ರಶ್ನೆ: ಉಪನ್ಯಾಸಕಿ, ರಾಯಚೂರು
ಪದವಿ ತರಗತಿಯಲ್ಲಿ ನೇಟೋ (ಅಮೆರಿಕ ಮತ್ತು ಯುರೋಪಿನ ಹಲವು ದೇಶಗಳಿರುವ ಸೇನಾ ಕೂಟ) ಕುರಿತು ಪಾಠ ಮಾಡುತ್ತಿದ್ದಾಗ ವಿದ್ಯಾರ್ಥಿನಿಯೊಬ್ಬಳು, ‘ರಕ್ಷಣಾ ಒಪ್ಪಂದಗಳಿಗೆ ಸಹಿ ಹಾಕಿರುವುದು ಅಮೆರಿಕ ದೇಶ, ಹಾಗಿದ್ದ ಮೇಲೆ ಅಲ್ಲಿ ಅಧ್ಯಕ್ಷರು ಬದಲಾದಾಗಲೆಲ್ಲ ದಕ್ಷಿಣ ಕೊರಿಯಾ, ಜಪಾನ್, ಪೋಲೆಂಡ್‌ಗಳಿಗೆ ಏಕೆ ಕಳವಳ?’ ಎಂದು ಕೇಳಿದಳು. ಪಠ್ಯದಾಚೆಯ ಉದಾಹರಣೆಗಳಿದ್ದರೆ ದಯವಿಟ್ಟು ತಿಳಿಸಿ.

ಉತ್ತರ: ಸ್ಪರ್ಧಾತ್ಮಕ ಪರೀಕ್ಷೆಯ ಅಭ್ಯರ್ಥಿ, ಗಂಗಾವತಿ
ಮೇಡಂ, 1949ರ ನೇಟೋ ಒಪ್ಪಂದದ 5ನೇ ವಿಧಿಯು ಒಬ್ಬರ ಮೇಲಿನ ಸಶಸ್ತ್ರ ದಾಳಿಯನ್ನು ಎಲ್ಲರ ಮೇಲಿನ ದಾಳಿಯೆಂದು ಪರಿಗಣಿಸುತ್ತದಾದರೂ, ನೆರವು ಯಾವ ಬಗೆಯದಾಗಿರಬೇಕೆಂಬುದನ್ನು ಆಯಾ ಸದಸ್ಯ ರಾಷ್ಟ್ರದ ವಿವೇಚನೆಗೇ ಬಿಟ್ಟಿದೆ. ನಾಯಕರ ಮನೋಭಾವ ಮುಖ್ಯವಾಗುವುದು ಅಲ್ಲಿಯೇ. ಹಾಗೆಂದು ಅವರು ಬಯಸಿದ್ದೆಲ್ಲ ನಡೆಯುವುದಿಲ್ಲ. ದಕ್ಷಿಣ ಕೊರಿಯಾದಿಂದ ಅಮೆರಿಕದ ಭೂಸೇನೆಯನ್ನು ವಾಪಸ್ ಕರೆಸುವುದಾಗಿ ಮಾತು ಕೊಟ್ಟು 1977ರಲ್ಲಿ ಅಧಿಕಾರಕ್ಕೆ ಬಂದ ಅಧ್ಯಕ್ಷ ಜಿಮ್ಮಿ ಕಾರ್ಟರ್ ಅವರಿಗೆ ಸೇನಾಧಿಕಾರಿಗಳೂ ಸಂಸತ್ ಸದಸ್ಯರೂ ಅಡ್ಡ ನಿಂತರು. ಉತ್ತರ ಕೊರಿಯಾದ ಸೇನಾಬಲ ಹಿಂದಿನ ಅಂದಾಜಿಗಿಂತ ಹೆಚ್ಚೆಂಬ ಗುಪ್ತಚರ ವರದಿಯೂ ಬಂದಿದ್ದರಿಂದ 1979ರಲ್ಲಿ ಆ ಯೋಜನೆಯನ್ನು ತಡೆಹಿಡಿಯಬೇಕಾಯಿತು. ಅಮೆರಿಕ ಸಂಸತ್ತಿನ ಮೇಲ್ಮನೆಯಾದ ಸೆನೆಟ್‌ನ ಮೂರನೇ ಎರಡರಷ್ಟು ಸಮ್ಮತಿ ಅಥವಾ ಸಂಸತ್ತಿನ ಕಾಯ್ದೆಯಿಲ್ಲದೆ ಅಧ್ಯಕ್ಷರು ನೇಟೋ ತೊರೆಯುವಂತಿಲ್ಲವೆಂದು 2023ರಲ್ಲಿ ಕಾನೂನೇ ಆಗಿದೆ.

ಉತ್ತರ: ಓದುಗ, ಕೊಪ್ಪಳ
ಕಾನೂನಿನ ಮೇಲೆ ಅಷ್ಟು ಭರವಸೆ ಇಡಲು ನನಗೆ ಮನಸ್ಸಾಗದು. ಅದೇ ಕಾರ್ಟರ್ ಅವರು ತೈವಾನ್ ಜೊತೆಗಿನ 1954ರ ರಕ್ಷಣಾ ಒಪ್ಪಂದವನ್ನು ಸೆನೆಟ್‌ನ ಒಪ್ಪಿಗೆ ಪಡೆಯದೆಯೇ ಕೊನೆಗೊಳಿಸಿದರು, ಸುಪ್ರೀಂ ಕೋರ್ಟ್ ಅದರಲ್ಲಿ ಕೈಹಾಕಲಿಲ್ಲ. ಇನ್ನು ಅವರಿಗಿಂತ ಮುಂಚೆ ಅಧ್ಯಕ್ಷರಾಗಿದ್ದ ನಿಕ್ಸನ್ ಅವರು 1971ರಲ್ಲಿ ದಕ್ಷಿಣ ಕೊರಿಯಾದಲ್ಲಿದ್ದ ಒಂದು ಸೇನಾ ಡಿವಿಷನ್ ಅನ್ನು ಹಿಂದಕ್ಕೆ ಕರೆಸಿಕೊಂಡಾಗ ದಕ್ಷಿಣ ಕೊರಿಯಾ ಗುಟ್ಟಾಗಿ ಅಣ್ವಸ್ತ್ರದ ಹಾದಿ ಹಿಡಿದಿತ್ತು. ಒಪ್ಪಂದ ಹಾಗೇ ಉಳಿದಿದ್ದರೂ ನಂಬಿಕೆ ಸಡಿಲಗೊಂಡರೆ ಇಡೀ ಪ್ರದೇಶದ ಲೆಕ್ಕಾಚಾರ ತಲೆಕೆಳಗಾಗುತ್ತದೆ ಎಂಬುದೇ ನಿಜವಾದ ಆತಂಕ.

ಉತ್ತರ: ನಿವೃತ್ತ ವಾಯುಸೈನಿಕ, ಬಳ್ಳಾರಿ
ಮೇಡಂ, ನಮ್ಮ ದೇಶದ ಉದಾಹರಣೆಯನ್ನೂ ಮಕ್ಕಳಿಗೆ ಹೇಳಿ. ಭಾರತ ಯಾವ ಸೇನಾ ಕೂಟದ ಸದಸ್ಯನೂ ಆಗಿರಲಿಲ್ಲವಾದರೂ, ಬೆದರಿಕೆ ಎದುರಾದರೆ ಕೂಡಲೇ ಪರಸ್ಪರ ಸಮಾಲೋಚಿಸಬೇಕೆಂದು 1971ರ ಸೋವಿಯತ್ ಒಪ್ಪಂದದ 9ನೇ ವಿಧಿ ಹೇಳುತ್ತಿತ್ತು. ಸೋವಿಯತ್ ನಾಯಕ ಗೋರ್ಬಚೇವ್ ಅವರ ಕಾಲದಲ್ಲಿ ಆದ್ಯತೆಗಳು ಬದಲಾದವು, 1991ರಲ್ಲಿ ಆ ದೇಶವೇ ಇಲ್ಲವಾಯಿತು. ನಾನಾಗ ವಿಮಾನಗಳ ದುರಸ್ತಿ ವಿಭಾಗದಲ್ಲಿದ್ದೆ. ನಮ್ಮ ವಾಯುಪಡೆಯ ಸಾರಿಗೆ ವಿಮಾನಗಳಲ್ಲಿ ಎಎನ್-32 ತಯಾರಾಗುತ್ತಿದ್ದ ಕೀವ್ ಉಕ್ರೇನಿಗೆ ಸೇರಿತು, ಐಎಲ್-76 ತಯಾರಾಗುತ್ತಿದ್ದ ತಾಷ್ಕೆಂಟ್ ಉಜ್ಬೇಕಿಸ್ತಾನಕ್ಕೆ. ಸೋರಿಕೆ ತಡೆಯುವ ಒಂದು ಸೀಲ್‌ಗೆ ಇಂಡೆಂಟ್ (ಬೇಡಿಕೆ ಪತ್ರ) ಹಾಕಿದರೂ ಅದು ಯಾವ ದೇಶದಿಂದ, ಎಂದು ಬರುವುದೆಂದು ಯಾರಿಗೂ ಹೇಳಲಾಗುತ್ತಿರಲಿಲ್ಲ, ಹ್ಯಾಂಗರ್‌ನಲ್ಲಿ ನಿಂತ ಒಂದು ವಿಮಾನದ ಭಾಗ ಬಿಚ್ಚಿ ಇನ್ನೊಂದಕ್ಕೆ ಜೋಡಿಸುತ್ತಿದ್ದೆವು. ರಷ್ಯಾದ ಅಧ್ಯಕ್ಷ ಯೆಲ್ಟ್ಸಿನ್ ಅವರೊಂದಿಗೆ 1993ರಲ್ಲಿ ಹೊಸ ಒಪ್ಪಂದವಾಯಿತಾದರೂ 9ನೇ ವಿಧಿಯ ಬಿಗಿ ಅದರಲ್ಲಿ ಉಳಿಯಲಿಲ್ಲ. ಆ ಎರಡೂ ಒಪ್ಪಂದಗಳನ್ನು ತರಗತಿಯಲ್ಲಿ ಅಕ್ಕಪಕ್ಕ ಇಟ್ಟು ಓದಿಸಿ. ತಮ್ಮ ವಿದ್ಯಾರ್ಥಿನಿಗೆ ಅರ್ಧ ಉತ್ತರ ಅಲ್ಲೇ ಸಿಗುತ್ತದೆ.