ಪಾರ್ಕ್ ಟ್ಯಾಂಕಿನ ಹೆಜ್ಜೇನು: ಔಷಧಿ ಹೊಡೆಸುವ ಮೊದಲು ಇದನ್ನು ಓದಿ

ಸಂಘದ ಕಾರ್ಯದರ್ಶಿ: ಎಲ್ಲರಿಗೂ ನಮಸ್ಕಾರ. ಪಾರ್ಕ್ ಪಕ್ಕದ ಓವರ್‌ಹೆಡ್ ಟ್ಯಾಂಕಿನ ತಳದಲ್ಲಿ ಎರಡು ಹೆಜ್ಜೇನು ಗೂಡು ಕಟ್ಟಿವೆ. ಔಷಧಿ ಹೊಡೆಸಿ ತೆಗೆಸಿ ಅಂತ ಕೆಲವು ಮನೆಯವರು ಕೇಳುತ್ತಿದ್ದಾರೆ. ಭಾನುವಾರದ ಸಭೆಗೆ ಮುಂಚೆ ವಿಷಯ ಗೊತ್ತಿರುವವರು ಇಲ್ಲಿ ಬರೆಯಿರಿ.

3ನೇ ಅಡ್ಡರಸ್ತೆ, ಜೇನು ಕೃಷಿ ತರಬೇತುದಾರರು: ಸರ್, ದಯವಿಟ್ಟು ಔಷಧಿ ಬೇಡ. ಮೊದಲನೆಯದಾಗಿ ಅದು ಕುಡಿಯುವ ನೀರಿನ ಟ್ಯಾಂಕು. ಎರಡನೆಯದು, ವಿಷ ತಗುಲಿದ ಹುಳ ಕೂಡಲೇ ಸಾಯುವುದಿಲ್ಲ. ಸಾವಿರಾರು ಹುಳ ಪಾರ್ಕಿನ ಹುಲ್ಲಿನ ಮೇಲೆ ಬಿದ್ದು ಒದ್ದಾಡುತ್ತಿರುತ್ತವೆ, ಬರಿಗಾಲಿಟ್ಟವರಿಗೆ ಚುಚ್ಚುತ್ತವೆ. ಉಳಿದವು ಗೂಡು ಬಿಟ್ಟು ಚದುರಿ, ಬೆಳಗ್ಗೆ ವಾಕಿಂಗ್ ಬರುವವರ ಮೇಲೆ ಎರಗಬಹುದು. ಇಷ್ಟೆಲ್ಲ ಆದರೂ ಮೇಣದ ವಾಸನೆ ಕಾಂಕ್ರೀಟಿಗೆ ಅಂಟಿಕೊಂಡೇ ಇರುತ್ತದೆ, ಅದೇ ಜಾಗಕ್ಕೆ ಬೇರೆ ಹಿಂಡು ಬಂದು ಕೂರುತ್ತದೆ. ವಿಷ ಸೇರಿದ ಜೇನುತುಪ್ಪವನ್ನು ಬಾಟಲಿಗೆ ತುಂಬಿ ಮಾರುವವರೂ ಇದ್ದಾರೆ.

"ಪೆಟ್ಟಿಗೆಗೆ ಹಾಕಿಕೊಂಡು ಹೋಗ್ತೀವಿ" ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಪೆಟ್ಟಿಗೆಯಲ್ಲಿ ಸಾಕುವುದು ತುಡುವೆಯಂಥ ಬೇರೆ ಜಾತಿಯ ಜೇನನ್ನು. ಹೆಜ್ಜೇನು ಬಯಲಲ್ಲಿ ಒಂದೇ ದೊಡ್ಡ ಎರಿ (ಮೇಣದ ಹಲ್ಲೆ) ಕಟ್ಟುವ ಜಾತಿ, ಅದು ಪೆಟ್ಟಿಗೆಯಲ್ಲಿ ನಿಲ್ಲುವುದಿಲ್ಲ. ಅದು ವಲಸೆಯ ಹುಳ ಕೂಡ. ಈಗ ಹೊಂಗೆ ಹೂ ಬಿಟ್ಟಿರುವುದಕ್ಕೆ ಇಲ್ಲಿದೆ. ಸಾಮಾನ್ಯವಾಗಿ ಮಳೆಗಾಲ ಹಿಡಿಯುವ ಹೊತ್ತಿಗೆ ತಾನಾಗಿ ಎದ್ದು ಹೋಗುತ್ತದೆ.

7ನೇ ಅಡ್ಡರಸ್ತೆ ನಿವಾಸಿ: ಅಲ್ಲಿಯವರೆಗೆ ಮಕ್ಕಳ ಗತಿ ಏನು ಸರ್? ರಾತ್ರಿ ನಮ್ಮ ಬಾಲ್ಕನಿಗೂ ಬಂದು ಬೀಳ್ತಿವೆ.

ಜೇನು ಕೃಷಿ ತರಬೇತುದಾರರು: ಮೇಡಂ, ಅದಕ್ಕೆ ಕಾರಣ ದೀಪ. ಹೆಜ್ಜೇನು ಬೆಳದಿಂಗಳಲ್ಲೂ ಹೂವಿಗೆ ಹೋಗುತ್ತದೆ, ಹಾಗಾಗಿ ಬಿಳಿ ಎಲ್‌ಇಡಿ ಕಂಡರೆ ಅತ್ತ ಹಾರಿ, ಸುತ್ತಿ ಸುತ್ತಿ ಸುಸ್ತಾಗಿ ಬೀಳುತ್ತದೆ. ಗೂಡಿಗೆ ನೇರ ಕಾಣುವ ದೀಪಗಳನ್ನು ಸಂಜೆಯಿಂದಲೇ ಆರಿಸಿ, ಆಗದಿದ್ದರೆ ಹಳದಿ ಬಲ್ಬ್ ಹಾಕಿ ಮೇಲ್ಭಾಗ ಮರೆ ಮಾಡಿ. ಆ ಕಡೆಯ ಕಿಟಕಿಗೆ ಪರದೆ ಎಳೆಯಿರಿ. ಬಿದ್ದ ಹುಳವನ್ನು ಕೈಯಲ್ಲಿ ಮುಟ್ಟದೆ ಪೊರಕೆಯಿಂದ ಮೊರಕ್ಕೆ ಎಳೆದುಕೊಂಡು ಹೊರಗೆ ಬಿಡಿ.

ಅದು ಸುಮ್ಮನೆ ಮೇಲೆ ಬೀಳುವುದಿಲ್ಲ. ಕಲ್ಲು, ಹೊಗೆ, ಪಟಾಕಿ, ಗೂಡಿನ ಹತ್ತಿರ ಡ್ರೋನ್, ಡ್ರಿಲ್ಲಿಂಗ್ ಇವೇ ಕೆರಳಿಸುವುದು. ಜೇನುಗಿಡುಗ ಎರಗಿದಾಗಲೂ ಏಳುತ್ತವೆ, ಅದನ್ನು ನಾವು ತಡೆಯಲಾಗದು. ಅದಕ್ಕೇ ಟ್ಯಾಂಕಿನ ಸುತ್ತ ಹಗ್ಗ ಕಟ್ಟಿ, ಕೆಳಗಿನ ಬೆಂಚು, ಉಯ್ಯಾಲೆ ಬಳಸದಂತೆ ಮಾಡಬೇಕು. ಟ್ಯಾಂಕ್ ತೊಳೆಸುವುದನ್ನು ಮುಂದೂಡಿ. ಒಣ ಎಲೆ ಸುಡುವುದಂತೂ ಪೂರ್ತಿ ನಿಲ್ಲಬೇಕು.

5ನೇ ಅಡ್ಡರಸ್ತೆ, ವೈದ್ಯರು: ಹುಳ ಎದ್ದರೆ ನಿಂತು ಕೈ ಬೀಸಬೇಡಿ. ಟವೆಲ್, ಅಂಗಿ ಸಿಕ್ಕಿದ್ದರಲ್ಲಿ ಮುಖ ಮುಚ್ಚಿಕೊಂಡು ಓಡಿ, ಹತ್ತಿರದ ಮನೆ ಅಥವಾ ಕಾರಿನೊಳಗೆ ಸೇರಿ ಬಾಗಿಲು ಹಾಕಿ. ನೀರಿಗೆ ಇಳಿಯಬೇಡಿ, ಮೇಲೆ ಬರುವವರೆಗೆ ಕಾಯುತ್ತವೆ. ಒಂದು ಹುಳ ಚುಚ್ಚಿದಾಗ ಬಾಳೆಹಣ್ಣಿನಂಥ ವಾಸನೆಯ ರಾಸಾಯನಿಕ ಹೊರಬಿದ್ದು ಉಳಿದವನ್ನು ಕರೆಯುತ್ತದೆ. ಆದ್ದರಿಂದ ಒಂದೆರಡು ಚುಚ್ಚಿದ ಕೂಡಲೇ ಜಾಗ ಬಿಡಬೇಕು.

ಕೊಂಡಿಯನ್ನು ಉಗುರಿನಿಂದಲೋ ಕಾರ್ಡಿನಿಂದಲೋ ತಕ್ಷಣ ಕೆರೆದು ತೆಗೆಯಿರಿ. ಹೇಗೆ ತೆಗೆದಿರಿ ಅನ್ನುವುದಕ್ಕಿಂತ ಎಷ್ಟು ಬೇಗ ಅನ್ನುವುದು ಮುಖ್ಯ, ಕಿತ್ತುಬಂದ ವಿಷದ ಚೀಲ ಮಿಡಿಯುತ್ತಲೇ ಇರುತ್ತದೆ. ಸುಣ್ಣ ಹಚ್ಚಬೇಡಿ, ತಣ್ಣೀರ ಬಟ್ಟೆ ಅಥವಾ ಬಟ್ಟೆಯಲ್ಲಿ ಸುತ್ತಿದ ಐಸ್ ಸಾಕು. ತುಟಿ, ನಾಲಿಗೆ ಊದಿದರೆ, ಉಸಿರು ಕಟ್ಟಿದರೆ, ತಲೆ ಸುತ್ತಿದರೆ ಒಂದೇ ಹುಳ ಕಚ್ಚಿದ್ದರೂ 108ಕ್ಕೆ ಫೋನ್ ಮಾಡಿ. ಅಲ್ಲಿ ಬೇಕಾದದ್ದು ಅಡ್ರಿನಲಿನ್ ಇಂಜೆಕ್ಷನ್, ಅಲರ್ಜಿ ಮಾತ್ರೆ ಸಾಲದು. ಹತ್ತಾರು ಕಡೆ ಚುಚ್ಚಿದ್ದರೆ ಚೆನ್ನಾಗಿಯೇ ಇದ್ದಾರೆ ಅನಿಸಿದರೂ ಆಸ್ಪತ್ರೆಗೆ ಕರೆದೊಯ್ಯಿರಿ. ಮೂತ್ರ ಕಂದು ಬಣ್ಣಕ್ಕೆ ತಿರುಗಿದರೆ ಮೂತ್ರಪಿಂಡಕ್ಕೆ ಅಪಾಯ ಇದೆ ಎಂದರ್ಥ.

2ನೇ ಅಡ್ಡರಸ್ತೆ ನಿವಾಸಿ: ಕಾರಿನ ಮೇಲೆಲ್ಲ ಹಳದಿ ಚುಕ್ಕೆ ಬೀಳ್ತಿದೆಯಲ್ಲ, ಅದೂ ಇದರದ್ದೇನಾ? ವಿಷವೇನಾದರೂ ಇದೆಯಾ?

ಜೇನು ಕೃಷಿ ತರಬೇತುದಾರರು: ಅವುಗಳದ್ದೇ ಹಿಕ್ಕೆ ಸರ್, ಹೆಚ್ಚಿನಂಶ ಜೀರ್ಣವಾದ ಪರಾಗ. ವಿಷವಿಲ್ಲ, ಒಣಗುವ ಮೊದಲು ನೀರಲ್ಲಿ ಒರೆಸಿದರೆ ಹೋಗುತ್ತದೆ. ಹೆಜ್ಜೇನು ಗುಂಪಾಗಿ ಹಾರಿ ಹಿಕ್ಕೆ ಹಾಕುವುದು ವಾಡಿಕೆ. 1981ರಲ್ಲಿ ಅಮೆರಿಕ ಸರ್ಕಾರ ಆಗ್ನೇಯ ಏಷ್ಯಾದಲ್ಲಿ ಸೋವಿಯತ್ ಬೆಂಬಲದಿಂದ "ಹಳದಿ ಮಳೆ" ಎಂಬ ವಿಷ ಸುರಿಸಲಾಗುತ್ತಿದೆ ಎಂದು ಆರೋಪಿಸಿತ್ತು. ಆಮೇಲೆ ಮ್ಯಾಥ್ಯೂ ಮೆಸೆಲ್ಸನ್, ಥಾಮಸ್ ಸೀಲಿ ಮೊದಲಾದ ವಿಜ್ಞಾನಿಗಳು ಅಲ್ಲಿನ ಹಳದಿ ಚುಕ್ಕೆಗಳನ್ನು ಪರೀಕ್ಷಿಸಿ, ಅವು ಜೇನಿನ ಹಿಕ್ಕೆ ಎಂದು ತೋರಿಸಿಕೊಟ್ಟರು.

7ನೇ ಅಡ್ಡರಸ್ತೆ ನಿವಾಸಿ: ಸರಿ ಸರ್, ಮಳೆಗಾಲದವರೆಗೆ ಕಾಯೋಣ. ಮುಂದಿನ ವರ್ಷ ಮತ್ತೆ ಬಂದರೆ?

ಜೇನು ಕೃಷಿ ತರಬೇತುದಾರರು: ಹುಳ ಎದ್ದು ಹೋದ ವಾರದಲ್ಲೇ ಖಾಲಿ ಎರಿ ಕೆಡವಿ, ಮೇಣ ಪೂರ್ತಿ ಕೆರೆದು, ಬಿಸಿ ಸೋಪಿನ ನೀರಲ್ಲಿ ಉಜ್ಜಿ, ಬಣ್ಣ ಬಳಿಸಿ. ಮೇಲೆ ಹುಳ ನುಸುಳದಷ್ಟು ಸಣ್ಣ ಕಣ್ಣಿನ ನೈಲಾನ್ ಬಲೆ. ಪಾರಿವಾಳದ ಬಲೆ ಆಗದು, ಅದರ ಕಣ್ಣಲ್ಲಿ ಹುಳ ಆರಾಮಾಗಿ ತೂರುತ್ತದೆ. ಬಲೆಯ ಅಂಚು ಸಡಿಲ ಬಿಟ್ಟರೆ ಹಕ್ಕಿ, ಬಾವಲಿ ಸಿಕ್ಕಿಕೊಳ್ಳುತ್ತವೆ, ಸುತ್ತಲೂ ಬಿಗಿದು ಕಟ್ಟಿಸಿ. ಆಗ ಅವು ಬೇರೆ ಮರವನ್ನೋ ಬಂಡೆಯನ್ನೋ ಹುಡುಕಿಕೊಳ್ಳುತ್ತವೆ. ನಮ್ಮ ಬೀದಿಯ ಹೊಂಗೆಗೆ, ನೇರಳೆಗೆ ಬರುವುದು ತಪ್ಪುವುದಿಲ್ಲ, ಬರಲೇಬೇಕು ಕೂಡ.

ಇನ್ನೊಂದು ಮಾತು: ಎರಿಯಿಲ್ಲದೆ ಬರೀ ಹುಳದ ಗೊಂಚಲು ಕೊಂಬೆಗೆ ನೇತಾಡುತ್ತಿದ್ದರೆ ಅದು ದಾರಿಯಲ್ಲಿ ಸುಧಾರಿಸಿಕೊಳ್ಳುತ್ತಿರುವ ಹಿಂಡು. ಕೆಲವೇ ದಿನದಲ್ಲಿ ಹೊರಡುತ್ತದೆ, ಯಾರನ್ನೂ ಕರೆಸಬೇಕಿಲ್ಲ.

ಕಾರ್ಯದರ್ಶಿ: ಹಾಗಾದರೆ ಔಷಧಿಯವರಿಗೆ ಬೇಡ ಎಂದು ಹೇಳುತ್ತೇನೆ. ಟ್ಯಾಂಕಿನ ಎದುರಿನ ಎರಡು ದೀಪಕ್ಕೆ ನಾಳೆ ಎಲೆಕ್ಟ್ರಿಷಿಯನ್ ಬರುತ್ತಾರೆ. ಹಗ್ಗ, ಎಚ್ಚರಿಕೆ ಫಲಕ ಇವತ್ತೇ ಆಗಲಿ. ಪಾರ್ಕ್ ಗುಡಿಸುವವರಿಗೆ ಎಲೆ ಸುಡದಂತೆ ಬೆಳಗ್ಗೆ ಯಾರು ಹೇಳುತ್ತೀರಿ?

2ನೇ ಅಡ್ಡರಸ್ತೆ ನಿವಾಸಿ: ನಾನು ಹೇಳ್ತೀನಿ ಸರ್, ಆರೂವರೆಗೆ ಅಲ್ಲೇ ಇರ್ತೀನಿ.