‘ಬುರ್ಗ್’ಗೆ ಕೋಟೆ ಅನ್ನೋಣವೇ, ವಾಡೆ ಅನ್ನೋಣವೇ?

ಎಲ್ಲರಿಗೂ ನಮಸ್ಕಾರ.

ಒಂದು ಪದದ ಮೇಲೆ ನಮ್ಮ ಮನೆಯಲ್ಲಿ ತಕರಾರು ಎದ್ದಿದೆ. ನೀವು ಯಾರಾದರೂ ಬಗೆಹರಿಸಬೇಕು.

ಈ ಬೇಸಿಗೆಗೆ ಅಪ್ಪ ಬಾಗಲಕೋಟೆಯಿಂದ ಬಂದಿದ್ದರು. ಅವರನ್ನು ಜರ್ಮನಿಯ ನೈರುತ್ಯ ಮೂಲೆಯ ಫೆಲ್ಟ್ಸರ್‌ವಾಲ್ಡ್ ಕಾಡಿಗೆ ಕರೆದುಕೊಂಡು ಹೋಗಿದ್ದೆ. 1958ರಿಂದ ಅದು ನಿಸರ್ಗ ಉದ್ಯಾನ. ಗಡಿಯಾಚೆ ಫ್ರಾನ್ಸಿನಲ್ಲಿರುವ ವೋಜ್ ಕಾಡಿನ ಜೊತೆ ಸೇರಿಸಿ 1998ರಲ್ಲಿ ಯುನೆಸ್ಕೊ ಜೀವಗೋಳ ಮೀಸಲು ಅಂತಲೂ ಗುರುತಿಸಿದೆ. ಅಲ್ಲಿ ಮರಗಳ ನಡುವೆ ಕೆಂಪು ಮರಳುಗಲ್ಲಿನ ಬಂಡೆಗಳು ಎದ್ದು ನಿಂತಿವೆ. ಎಷ್ಟೋ ಬಂಡೆಗಳ ನೆತ್ತಿಯ ಮೇಲೆ ಹಳೇ ಕಾಲದ ಒಡೆಯರ ಭದ್ರ ನೆಲೆಗಳು, ಜರ್ಮನ್ನರ ಮಾತಿನಲ್ಲಿ ‘ಬುರ್ಗ್’ಗಳು. ದಾನ್ ಊರಿನ ಹತ್ತಿರ ಒಂದೇ ಬಂಡೆಸಾಲಿನ ಮೇಲೆ ಮೂರಿವೆ: ಆಲ್ಟ್‌ದಾನ್, ಗ್ರಾಫೆನ್‌ದಾನ್, ಟಾನ್‌ಶ್ಟೈನ್. ಬಂಡೆಯಲ್ಲೇ ಕಡಿದ ಮೆಟ್ಟಿಲು ನೋಡಿ ಅಪ್ಪ “ಥೇಟ್ ಬಾದಾಮಿ” ಅಂದರು.

ನಾನು ಅಲ್ಲಿಯವರೆಗೂ ‘ಕೋಟೆ’ ಅನ್ನುತ್ತಿದ್ದೆ. ಮೇಲೆ ಹತ್ತಿ ಸುತ್ತ ನೋಡಿದ ಅಪ್ಪ, “ಊರು ಎಲ್ಲೈತಿ?” ಅಂದರು. ಊರು ಇರಲಿಲ್ಲ, ಒಂದು ಒಡೆಯರ ಮನೆತನ, ಅವರ ಆಳುಗಳು, ಕುದುರೆಗಳು ಅಷ್ಟೇ ಅಂದೆ. “ಹಂಗಾದ್ರ ಇದು ಕೋಟಿ ಅಲ್ಲ, ವಾಡೆ.”

ಅವರ ಮಾತಿನಲ್ಲಿ ಹುರುಳಿದೆ. ಚಿತ್ರದುರ್ಗದಂಥ ಕೋಟೆಯೊಳಗೆ ಗುಡಿ, ಹೊಂಡ, ಕಣಜ, ಜನವಸತಿ ಎಲ್ಲ ಇತ್ತು. ಬುರ್ಗ್ ಅಂದರೆ ಗೋಡೆ ಗಟ್ಟಿ ಮಾಡಿಕೊಂಡ ಮನೆ. ನಮ್ಮ ಕಡೆಯ ದೇಸಾಯರ ವಾಡೆಯೂ ಅದೇ ಅಲ್ವಾ? ಆದರೆ ವಾಡೆ ಇರುವುದು ಊರೊಳಗೆ, ಜನರ ನಡುವೆ. ಇವು ಗುಡ್ಡದ ತುದಿಯಲ್ಲಿ ಒಂಟಿಯಾಗಿ ಕೂತಿವೆ. ಅದೇ ಕಾಡಿನ ಟ್ರೀಫೆಲ್ಸ್ ಅನ್ನುವ ಬುರ್ಗ್ ಚಕ್ರವರ್ತಿಯದೇ ಆಗಿತ್ತು. ಇಂಗ್ಲೆಂಡಿನ ರಾಜ ರಿಚರ್ಡ್‌ನನ್ನು 1193ರಲ್ಲಿ ಸೆರೆ ಇಟ್ಟಿದ್ದು ಅಲ್ಲೇ. ಅದನ್ನು ವಾಡೆ ಅಂದರೆ ಸ್ವಲ್ಪ ಚಿಕ್ಕದಾಯಿತು ಅನಿಸುತ್ತದೆ. ಮಲೆನಾಡಿನ ಗೆಳತಿ ‘ಕೋಟೆಮನೆ’ ಅಂದಳು. ಚೆನ್ನಾಗಿದೆ, ಆದರೆ ನನ್ನ ಕಿವಿಗೆ ಅದು ಯಾರದೋ ಮನೆಹೆಸರಿನ ಹಾಗೆ ಕೇಳುತ್ತದೆ.

ಊರಿನವರಿಗೆ ಕಳಿಸುವ ಫೋಟೊಗಳ ಕೆಳಗೆ ಎರಡೆರಡು ಸಾಲು ಬರೆಯುತ್ತಿದ್ದೇನೆ. ಅದಕ್ಕೇ ಇಷ್ಟೆಲ್ಲ. ಕಾವಲು ಗೋಪುರಕ್ಕೆ ‘ಹುಡೇವು’ ಸಿಕ್ಕಿತು, ಅಪ್ಪನಿಂದಲೇ. ಬಂಡೆಯ ಕತ್ತಿನ ಹತ್ತಿರ ಕಡಿದ ಹಳ್ಳಕ್ಕೆ ಜರ್ಮನ್ನರು ‘ಕತ್ತಿನ ಅಗಳು’ ಅನ್ನುವ ಅರ್ಥದ ಪದವನ್ನೇ ಇಟ್ಟಿದ್ದಾರೆ. ನಾನು ‘ಕಂದಕ’ ಬಿಟ್ಟು ‘ಅಗಳು’ ಅಂತಲೇ ಬರೆದೆ. ಕೊಡಗಿನವರು ‘ಕಡಂಗ’ ಅನ್ನಬಹುದಾ?

‘ಹಾಳು’ ಮಾತ್ರ ಕೈಕೊಟ್ಟಿತು. 1523ರಲ್ಲಿ ಕೆಡವಿದ ದ್ರಾಖೆನ್‌ಫೆಲ್ಸ್‌ನ ಫೋಟೊ ಕೆಳಗೆ ‘ಹಾಳು ಕೋಟೆ’ ಅಂತ ಬರೆದೆ. ಓದಿದರೆ ಬೈದ ಹಾಗಿದೆ, ಹಾಳು ಮಳೆ ಅಂದಂತೆ. ‘ಹಾಳೂರಿಗೆ ಉಳಿದವನೇ ಗೌಡ’ ಅನ್ನುವಾಗ ಬೈಗುಳ ಕೇಳಿಸುವುದಿಲ್ಲ ನೋಡಿ. ಎರಡು ಪದ ಕೂಡಿಕೊಂಡಿದ್ದಕ್ಕೆ ಹೀಗಾಯಿತಾ? ಕೊನೆಗೆ ‘ಪಾಳುಕೋಟೆ’ ಮಾಡಿದೆ. ಹಳಗನ್ನಡದ ಪಕಾರ ಎಷ್ಟೋ ಕಡೆ ಹಕಾರ ಆದರೂ ಈ ‘ಪಾಳು’ ಹೇಗೋ ಉಳಿದುಕೊಂಡಿದೆ, ಅದೂ ಬೈಗುಳದ ಸೋಂಕಿಲ್ಲದೆ.

ಕೇಳಬೇಕಾದ್ದು ಮುಖ್ಯವಾಗಿ ಎರಡು. ಬಾಗಲಕೋಟೆ, ವಿಜಯಪುರ, ಗದಗ ಕಡೆಯವರು ಊರಿಲ್ಲದ ಗುಡ್ಡದ ಮೇಲಿನ ಇಂಥ ಕಟ್ಟಡಕ್ಕೆ ವಾಡೆ ಅನ್ನುತ್ತೀರಾ? ಇನ್ನು ‘ಬುರುಜು’ ಅರಬ್ಬಿಯಿಂದ ಪಾರಸಿ ಮೂಲಕ ನಮಗೆ ಬಂದ ಪದ. ಅದಕ್ಕೂ ಈ ‘ಬುರ್ಗ್’ಗೂ ನಂಟಿದೆಯಾ, ಇಲ್ಲಾ ಸುಮ್ನೆ ಕಿವಿಗೆ ಹಾಗೆ ಕೇಳುತ್ತದಾ?

ಬೇಗ ಹೇಳಿ. ಅಪ್ಪ ಆಗಲೇ ಊರಿಗೆಲ್ಲ ಫೋನ್ ಮಾಡಿ “ಕಾಡಾಗ ಮೂರು ವಾಡೆ ನೋಡಿ ಬಂದ್ವಿ” ಅಂತ ಹೇಳಿಬಿಟ್ಟಿದ್ದಾರೆ.