ಯೆಜ್ಡಿ ತಗೊಳ್ಳಲಾ ಅಂತ ಕೇಳಿದ ಪ್ರಕಾಶನಿಗೆ

ಪ್ರಕಾಶ, ತೀರ್ಥಹಳ್ಳಿ ಹತ್ತಿರ ಯಾರದೋ ಕೊಟ್ಟಿಗೆಯಲ್ಲಿ 84ನೇ ಮಾಡೆಲ್ ಯೆಜ್ಡಿ ರೋಡ್‌ಕಿಂಗ್ ಬೈಕ್ ಇದೆ, ತಗೊಳ್ಳಲಾ ಮಾವ ಅಂತ ಕೇಳಿದ್ದೀಯ. ಅದರ ಕೆಳಗೇ ಸುಮತಿ ಅತ್ತಿಗೆ 'ನಿಮ್ಮ ಮಾವನ ಹುಚ್ಚು ನಿನಗೂ ಅಂಟಿತಾ' ಅಂತ ಹಾಕಿದ್ದಾರೆ. ಅತ್ತಿಗೆ, ಹುಚ್ಚು ಅಂತ ನಾನೂ ಒಪ್ಪಿದೆ. ಮಾತಾಡಿದ ಹಾಗೇ ಬರೆಯುತ್ತೇನೆ, ಉದ್ದ ಆಯ್ತು ಅಂತ ಬೈಯಬೇಡಿ.

ಐವತ್ತೈದು ದಾಟುವ ತನಕ ನಾನು ಸ್ಕೂಟರ್ ಬಿಟ್ಟು ಬೇರೆ ಗಾಡಿ ಮುಟ್ಟಿದವನಲ್ಲ. ಕಾಲೇಜು ದಿನಗಳಲ್ಲಿ ಜಾವಾ ಬೈಕ್ ಇಟ್ಟವರೆಂದರೆ ಅಡಿಕೆ ತೋಟ ಇದ್ದವರು, ನಮಗೆಲ್ಲ ಬಸ್ಸೇ ಗತಿ. ರಿಟೈರ್ ಆದ ಮೇಲೆ ಶಿವಮೊಗ್ಗದಲ್ಲಿ ಸ್ನೇಹಿತರೊಬ್ಬರು ಅವರ ತಂದೆಯ ಇಂಥದೇ ಹಳೇ ಗಾಡಿ ಬಿಚ್ಚುತ್ತಿದ್ದರು, ಸುಮ್ನೆ ಸ್ಪ್ಯಾನರ್ ಕೊಡಲು ಕೂತೆ, ಅಲ್ಲಿಂದ ಶುರು. ಒಂದೇ ಸಿಲಿಂಡರ್, ವಾಲ್ವ್ ಇಲ್ಲ, ಎಲ್ಲಾ ಕಣ್ಣಿಗೆ ಕಾಣುತ್ತದೆ. ಗಾಡಿ ನಿಂತರೆ ಪ್ಲಗ್ ಬಿಚ್ಚಿ ನೋಡಬೇಕು. ಒದ್ದೆ ಇದ್ದರೆ ಪೆಟ್ರೋಲ್ ಜಾಸ್ತಿ, ಒಣಗಿದ್ದರೆ ಪೆಟ್ರೋಲೇ ಬರುತ್ತಿಲ್ಲ. ಆಯುಷ್ಯವೆಲ್ಲ ಒಂದು ಟೇಬಲ್‌ನಿಂದ ಇನ್ನೊಂದು ಟೇಬಲ್‌ಗೆ ಫೈಲ್ ದಾಟಿಸಿದವನು ನಾನು. ಬೆಳಿಗ್ಗೆ ಬಂದ ತೊಂದರೆ ಸಂಜೆಯೊಳಗೆ ನನ್ನ ಕೈಯಲ್ಲೇ ಬಗೆಹರಿಯುವುದು ಎಷ್ಟು ಸುಖ ಅಂತ ಆಗಲೇ ಗೊತ್ತಾಗಿದ್ದು.

ಮತ್ತೆ ಇದು ನಮ್ಮ ಮೈಸೂರಿನ ಗಾಡಿ, ಅಲ್ವಾ. ಜೆಕ್ ದೇಶದ ಜಾವಾವನ್ನು ಐಡಿಯಲ್ ಜಾವಾ ಕಂಪನಿಯವರು 1961ರಿಂದ ಯಾದವಗಿರಿಯಲ್ಲಿ ಮಾಡಿದರು, ಆಮೇಲೆ ಅದೇ ಯೆಜ್ಡಿ ಆಯಿತು, 1996ರಲ್ಲಿ ಕಾರ್ಖಾನೆ ಬಾಗಿಲು ಹಾಕಿತು. ಗೇರ್ ಲಿವರನ್ನೇ ಒಳಗೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಕಿಕ್ಕರ್ ಆಗುತ್ತದೆ. ಯಾರು ಯೋಚಿಸಿದರೋ ಪುಣ್ಯಾತ್ಮರು!

ಈಗ ನಿನ್ನ ವಿಷಯ. ಬಣ್ಣ, ಕ್ರೋಮ್ ನೋಡಿ ಮರುಳಾಗಬೇಡ. ಮೊದಲು ಆರ್‌ಸಿ ಕೇಳು, ಚಾಸಿ ನಂಬರು ಎಂಜಿನ್ ನಂಬರು ಎರಡೂ ತಾಳೆಯಾಗಬೇಕು. ಹದಿನೈದು ವರ್ಷ ದಾಟಿದ ಗಾಡಿಗೆ ಓಡಿಸಲು ಯೋಗ್ಯ ಅನ್ನುವ ಸರ್ಟಿಫಿಕೇಟ್, ಅಂದರೆ ಎಫ್‌ಸಿ ಮಾಡಿಸಿ ಐದೈದು ವರ್ಷಕ್ಕೆ ಆರ್‌ಸಿ ರಿನ್ಯೂ ಮಾಡಿಸಬೇಕು. ಅವರು ಮಾಡಿಸಿಲ್ಲ ಅಂದರೆ ಆ ಖರ್ಚು, ಓಡಾಟ ಎಲ್ಲ ನಿನ್ನದೇ. 'ವಿಂಟೇಜ್ ನಂಬರ್ ಮಾಡಿಸಿಕೊಡ್ತೀನಿ' ಅಂತ ಯಾರಾದರೂ ಹೇಳಿದರೆ ನಂಬಬೇಡ. 2021ರ ನಿಯಮದ ಪ್ರಕಾರ ಅದಕ್ಕೆ ಐವತ್ತು ವರ್ಷ ಆಗಿರಬೇಕು, ಇದಕ್ಕೆ ಆಗಿಲ್ಲ. ಆಗಿದ್ದರೂ ಆ ನಂಬರಿನ ಗಾಡಿಯನ್ನು ದಿನಾ ರಸ್ತೆಗೆ ಇಳಿಸುವ ಹಾಗಿಲ್ಲ, ನಿನಗೆ ಅದರಿಂದ ಏನು ಬಂತು?

ನಮ್ಮ ಕಡೆ ದೊಡ್ಡ ಶತ್ರು ಮಳೆಗಾಲದ ಥಂಡಿ. ಟ್ಯಾಂಕ್ ಒಳಗೆ ತುಕ್ಕು, ಪ್ಲಗ್‌ಗೆ ಕಿಡಿ ಕೊಡಿಸುವ ಪಾಯಿಂಟ್ ಮೇಲೆ ತೇವ. ಈಗಿನ ಪೆಟ್ರೋಲಿನಲ್ಲಿ ಎಥನಾಲ್ ಬೇರೆ ಇರುತ್ತದೆ, ಅದು ನೀರು ಹೀರುತ್ತದೆ, ಹಳೇ ರಬ್ಬರನ್ನೂ ಹಾಳುಮಾಡುತ್ತದೆ. ಜೂನ್‌ಗೆ ಗಾಡಿ ನಿಲ್ಲಿಸುವುದಾದರೆ ಟ್ಯಾಂಕ್ ಖಾಲಿ ಮಾಡಿ, ಕಾರ್ಬುರೇಟರ್ ಒಣಗುವ ತನಕ ಓಡಿಸಿ ಆಮೇಲೆ ನಿಲ್ಲಿಸು.

ಇನ್ನೊಂದು, ಇದನ್ನು ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ಇದರದು ಟೂ ಸ್ಟ್ರೋಕ್ ಎಂಜಿನ್, ಅದಕ್ಕೆ ಆಯಿಲ್ ಸಿಗುವುದು ಪೆಟ್ರೋಲ್ ಜೊತೆಗೇ, ಲೀಟರಿಗೆ 30-40 ಮಿಲಿಲೀಟರ್ ಟೂಟಿ ಆಯಿಲ್ ಬೆರೆಸುತ್ತೇವಲ್ಲ, ಅದೇ. ಆಗುಂಬೆ ಘಾಟಿಯ ಹದಿನಾಲ್ಕು ತಿರುವನ್ನೂ ಆಕ್ಸಿಲರೇಟರ್ ಪೂರ್ತಿ ಬಿಟ್ಟು ಗೇರಲ್ಲೇ ಇಳಿಸಿದರೆ ಪೆಟ್ರೋಲ್ ಹೋಗಲ್ಲ, ಆಯಿಲೂ ಹೋಗಲ್ಲ, ಚಕ್ರ ಮಾತ್ರ ಎಂಜಿನ್ ತಿರುಗಿಸುತ್ತಾ ಇರುತ್ತದೆ. ಪಿಸ್ಟನ್ ಸಿಲಿಂಡರಿಗೆ ಕಚ್ಚಿಕೊಂಡು ಹಿಡಿಯುವುದು ಹಾಗೇ. ನಡುನಡುವೆ ಸ್ವಲ್ಪ ಆಕ್ಸಿಲರೇಟರ್ ಕೊಡುತ್ತಾ ಇಳಿಯಬೇಕು.

ವಾರಕ್ಕೊಮ್ಮೆ ಕೈ ಮಸಿ ಮಾಡಿಕೊಳ್ಳುವುದು ಬೇಜಾರು ಅನ್ನಿಸಿದರೆ ಈ ಗಾಡಿ ಬೇಡ ಪ್ರಕಾಶ, ಹೊಸದು ತಗೋ. ಅದರಲ್ಲಿ ನಾಚಿಕೆ ಏನಿಲ್ಲ. ಆದರೂ ಬೇಕು ಅಂತಿದ್ದರೆ ಭಾನುವಾರ ಬಾ, ಇಬ್ಬರೂ ಹೋಗಿ ನೋಡೋಣ. ನಾವು ಬರುವ ಮುಂಚೆ ಸ್ಟಾರ್ಟ್ ಮಾಡಿ ಬಿಸಿ ಮಾಡಿ ಇಡಬೇಡಿ ಅಂತ ಅವರಿಗೆ ಹೇಳು, ತಣ್ಣಗಿರುವಾಗಲೇ ಒದ್ದು ನೋಡಬೇಕು. ಟ್ಯಾಂಕ್ ಒಳಗೆ ನೋಡಲು ಟಾರ್ಚ್ ತಾ, ನನ್ನದು ನಿಮ್ಮ ಅತ್ತೆ ಎಲ್ಲೋ ಎತ್ತಿಟ್ಟಿದ್ದಾಳೆ.